ಪೀಠದ ಕೈ

ಲಿಂಗ ಕೈಯಿಂದ ಜಾರಿ ಬಿದ್ದ ಸದ್ದು ತೀರಾ ಸಣ್ಣದು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ಕೆಳಗೆ ಬೀದಿಯಲ್ಲಿ ಹೂವಿನವಳು ಕೂಗುತ್ತಿದ್ದಳು, ಗಂಡ ಬಚ್ಚಲಲ್ಲಿ ತಂಬಿಗೆಗಟ್ಟಲೆ ನೀರು ಸುರಿದುಕೊಳ್ಳುತ್ತಿದ್ದರು. ಹಾಗಾಗಿ ಆ ಸದ್ದನ್ನು ಕೇಳಿದವಳು ಜಗದೇವಿ ಒಬ್ಬಳೇ. 

ಲಿಂಗ ಮೊಸಾಯಿಕ್ ನೆಲದ ಮೇಲೆ ಉರುಳಿಕೊಂಡು ಹೋಗಿ ದಿವಾನಿನ ಕೆಳಗೆ ನಿಂತಿತ್ತು. ಜಗದೇವಿ ಮೊಣಕಾಲೂರಿ, ಬಲಗೈ ಚಾಚಿ ಎತ್ತಿಕೊಂಡಳು. ಒಂದು ತರಚೂ ಆಗಿರಲಿಲ್ಲ. ತೊಳೆದಳು, ವಿಭೂತಿ ಹಚ್ಚಿದಳು, ಕಣ್ಣಿಗೊತ್ತಿಕೊಂಡಳು. "ತಪ್ಪಾತೋ ನಮ್ಮಪ್ಪ, ತಪ್ಪಾತು," ಎಂದು ಪಿಸುಗುಟ್ಟುತ್ತ ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡಳು. ಗಂಡ ಬಚ್ಚಲಿನಿಂದ ಹೊರಬರುವ ಹೊತ್ತಿಗೆ ಒಲೆಯ ಮುಂದೆ ನಿಂತು, ಏನೂ ಆಗಿಲ್ಲವೆಂಬಂತೆ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಳು. ಸಾಸಿವೆ ಕರಕಲಾಗಿದ್ದು ಆಮೇಲೆ ಗೊತ್ತಾಯಿತು.

ಮುದ್ದೇಬಿಹಾಳದ ಕಡೆಯ ಹುಡುಗಿ ಈ ಊರು ಇನ್ನೂ ಮದ್ರಾಸ್ ಆಗಿದ್ದಾಗ ಮದುವೆಯಾಗಿ ಬಂದವಳು. ಗಂಡ ಮಹಾಲಿಂಗಪ್ಪನವರದು ಮೈಲಾಪೂರಿನಲ್ಲಿ ಇಳಕಲ್ ಸೀರೆಯ ಅಂಗಡಿ. ಊರು ಹೆಸರು ಬದಲಿಸಿತು, ಅಂಗಡಿ ಬೋರ್ಡು ಬದಲಿಸಿತು, ಜಗದೇವಿಯ ಮುಂಜಾವು ಮಾತ್ರ ಬದಲಾಗಲಿಲ್ಲ. ಸ್ನಾನ, ವಿಭೂತಿ, ಎಡ ಅಂಗೈ ಮೇಲೆ ಲಿಂಗ. ಎಡಗೈ ಲಿಂಗದ್ದು, ಬಲಗೈ ಸಂಸಾರದ್ದು ಎಂದು ಅವಳ ಅವ್ವ ಹೇಳಿಕೊಟ್ಟಿದ್ದಳು. ಲಿಂಗ ಕೈಬಿಟ್ಟರೆ ಹಿಂದಿನ ಕಾಲದವರು ಜೀವ ಇಟ್ಟುಕೊಳ್ಳುತ್ತಿರಲಿಲ್ಲ ಎಂದೂ ದನಿ ತಗ್ಗಿಸಿ ಹೇಳಿದ್ದಳು. ಈಗಿನ ಸ್ವಾಮಿಗಳು ಹಾಗೇನಿಲ್ಲ ತಾಯಿ, ತೊಳೆದು ಪೂಜೆ ಮಾಡಿಕೊಳ್ಳಿ ಅನ್ನುತ್ತಾರೆ. ಜಗದೇವಿಯ ಬುದ್ಧಿಗೆ ಅದು ಗೊತ್ತು. ಎದೆಗೂ ಗೊತ್ತಿರಬೇಕಲ್ಲ!

ಬಿದ್ದದ್ದಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಆದರೆ ಬರುವ ಭಾನುವಾರ ಇತ್ತು. ಆ ಭಾನುವಾರಕ್ಕೂ ಈ ಕೈಗೂ ಇರುವ ನಂಟನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಮದ್ರಾಸಿನ ನಮ್ಮ ಹೆಣ್ಣುಮಕ್ಕಳು ಸೇರಿ ಕಟ್ಟಿಕೊಂಡ ಒಂದು ಬಳಗವಿದೆ. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತಾರೆ, ಲಿಂಗಪೂಜೆ ಮಾಡುತ್ತಾರೆ, ವಚನ ಹಾಡುತ್ತಾರೆ, ಆಮೇಲೆ ಸೊಸೆಯರ ಸುದ್ದಿ ಮಾತಾಡುತ್ತಾರೆ. ಬಳಗದ ಹಿರಿಯರು ಬೆಸೆಂಟ್ ನಗರದ ಕಲಾವತಿಯಮ್ಮ. ತುಮಕೂರಿನ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು, ಎಡಗೈಯನ್ನು ಸದಾ ಸೆರಗಿನೊಳಗೆ ಇಟ್ಟುಕೊಂಡು ಗತ್ತಿನಿಂದ ಕೂಡುವವರು. ಅವರು ಒಂದು ಮಾತು ಅಂದರೆ ಬಳಗದಲ್ಲಿ ಅದಕ್ಕೆ ಎರಡು ಮಾತಿಲ್ಲ.

ಒಮ್ಮೆ ಪೂಜೆಯಾದ ಮೇಲೆ ಅವರು ಜಗದೇವಿಯ ಎಡ ಅಂಗೈಯನ್ನು ತಮ್ಮ ಬಲಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಅಂಗೈ ಬಟ್ಟಲಿನ ಹಾಗೆ ತಗ್ಗಾಗಿತ್ತು, ಉಂಗುರದ ಬೆರಳು ಕಿರುಬೆರಳು ಒಳಕ್ಕೆ ಬಾಗಿದ್ದವು. "ನೋಡ್ರಮ್ಮ, ಎಲ್ಲಾರೂ ಬಂದು ನೋಡ್ರಿ," ಎಂದು ಕಲಾವತಿಯಮ್ಮ ಕರೆದರು. "ಲಿಂಗ ಹಿಡಿದೂ ಹಿಡಿದೂ ಜಗದೇವಕ್ಕನ ಕೈ ಪೀಠ ಆಗೋಗೈತೆ. ಬೇಡಿದ್ರೂ ಸಿಗಲ್ಲ ಇಂಥಾ ಕೈ."

ಆಗ ಹೆಂಗಸರೆಲ್ಲ ಸರದಿಯಲ್ಲಿ ಬಂದು ಆ ಅಂಗೈಯನ್ನು ಕಣ್ಣಿಗೊತ್ತಿಕೊಂಡರು. ಅಂದಿನಿಂದ ಅವಳು ಪೀಠದ ಕೈ ಜಗದೇವಕ್ಕ. ಸುಳ್ಳು ಯಾಕೆ ಹೇಳಬೇಕು, ಜಗದೇವಿಗೆ ಖುಷಿಯಾಗಿತ್ತು. ಹುಟ್ಟಿದಾಗಿನಿಂದ ರೊಟ್ಟಿ ಬಡಿದದ್ದು ಬಿಟ್ಟರೆ ಇನ್ನಾವುದಕ್ಕೂ ಯಾರೂ ಅವಳ ಕೈಯನ್ನು ಹೊಗಳಿರಲಿಲ್ಲ.

ಆದರೆ ಕೈ ತನ್ನ ಪಾಡಿಗೆ ತಾನು ಬಿಗಿಯುತ್ತಲೇ ಹೋಯಿತು. ಮುಖ ತೊಳೆಯುವಾಗ ಬಾಗಿದ ಬೆರಳು ಕಣ್ಣಿಗೆ ಚುಚ್ಚುತ್ತಿತ್ತು. ಭಜನೆಯಲ್ಲಿ ಚಪ್ಪಾಳೆ ತಟ್ಟಿದರೆ ಟಪ್ ಎನ್ನದೆ ಡಬ್ ಎನ್ನುತ್ತಿತ್ತು. ಅಂಗೈಯ ನಡುವೆ ಚರ್ಮದಡಿಯಲ್ಲಿ ಹಗ್ಗದಂಥದೊಂದು ಗಂಟು ಎದ್ದು, ಉಂಗುರದ ಬೆರಳಿನವರೆಗೆ ಎಳೆದುಕೊಂಡಿತ್ತು. ಮೊದಮೊದಲು ಬಟ್ಟಲಿನಲ್ಲಿ ಲಿಂಗ ಚೆನ್ನಾಗಿಯೇ ಕೂಡುತ್ತಿತ್ತು. ಈಗ ಆ ಹಗ್ಗದ ಮೇಲೆ ಕೂಡಲಾರದೆ ವಾಲುತ್ತಿತ್ತು. ಜಗದೇವಿ ಯಾರಿಗೂ ಹೇಳಲಿಲ್ಲ. ಪೀಠ ನೋಯುತ್ತಿದೆ ಎಂದು ಯಾರ ಹತ್ತಿರ ಹೇಳುವುದು? ದೇವರು ಕೊಟ್ಟದ್ದನ್ನು ದೂರಿದ ಹಾಗಾಗುವುದಿಲ್ಲವೇ?

ಇಂಥದರಲ್ಲಿ ಕಲಾವತಿಯಮ್ಮ ಫೋನು ಮಾಡಿದ್ದರು. "ಈ ಭಾನುವಾರ ನಮ್ಮನೇಲಿ ಮಕ್ಕಳಿಗೆ ಲಿಂಗಪೂಜೆ ಹೇಳಿಕೊಡೋಣ ಕಣಕ್ಕ. ಇಲ್ಲಿ ಹುಟ್ಟಿದ ಮಕ್ಕಳಿಗೆ ಒಂದೂ ಗೊತ್ತಿಲ್ಲ. ನೀವು ಮುಂದೆ ಕೂತು ಕೈಯೆತ್ತಿ ಹಿಡೀರಿ, ನಿಮ್ಮ ಕೈ ನೋಡಿ ಕಲೀಲಿ." ಜಗದೇವಿ ಹೂಂ ಅಂದುಬಿಟ್ಟಿದ್ದಳು. ಅದಾದ ಮೇಲೆ ಲಿಂಗ ಬಿತ್ತು. ಮನೆಯಲ್ಲಿ ಬಿದ್ದದ್ದನ್ನು ಯಾರೂ ನೋಡಲಿಲ್ಲ. ಭಾನುವಾರ ಅಷ್ಟು ಜನರ ಮುಂದೆ, ಮಕ್ಕಳ ಮುಂದೆ ಬಿದ್ದರೆ? 

ಅವಳು ನಿಂಬೆಹಣ್ಣು ಇಟ್ಟುಕೊಂಡು ಅಭ್ಯಾಸಕ್ಕೆ ತೊಡಗಿದಳು. ಬಾಗಿಲು ಎಳೆದು ಮುಚ್ಚಿಕೊಂಡು, ಅಂಗೈ ಮೇಲೆ ನಿಂಬೆಹಣ್ಣಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತುವಳು. ಅದು ಹಗ್ಗದ ಮೇಲೆ ವಾಲಿ ಉರುಳಿ ಬೀಳುವುದು. ಮತ್ತೆ ಇಡುವಳು, ಮತ್ತೆ ಬೀಳುವುದು. ಒಮ್ಮೆ ಊಟಕ್ಕೆಂದು ಅಂಗಡಿಯಿಂದ ಬಂದ ಮಹಾಲಿಂಗಪ್ಪನವರ ಕಾಲಬುಡಕ್ಕೇ ನಿಂಬೆಹಣ್ಣು ಉರುಳಿಬಂತು.

"ಏನ ಇದು? ಸರ್ಕಸ್ ಸೇರಾಕಿ ಏನು ಈ ವಯಸ್ಸಿನ್ಯಾಗ?"

"ಉಪ್ಪಿನಕಾಯಿಗಿ ಆರಿಸ್ಲಿಕ್ಕತ್ತಿದ್ದೆ, ಜಾರಿತು," ಅಂದಳು ಜಗದೇವಿ.

"ಒಂದ ಹಣ್ಣಿಂದು ಉಪ್ಪಿನಕಾಯಿ!" ಎಂದು ನಗುತ್ತ ಅವರು ಕೈಕಾಲು ತೊಳೆಯಲು ಹೋದರು. ಜಗದೇವಿಗೆ ನಗು ಬರಲಿಲ್ಲ. ಇವರಿಗೆ ಹೇಳಿಬಿಡಲೇ ಅಂದುಕೊಂಡಳು. ಬಾಯಿಗೆ ಬಂದದ್ದು, "ರೊಟ್ಟಿ ಒಂದೋ ಎರಡೋ?" ಅಷ್ಟೇ.

ಕಳ್ಳತನ ಹಿಡಿದವಳು ಮೊಮ್ಮಗಳು ಶರಣ್ಯಾ. ಮಗ ರವಿಶಂಕರನ ಮಗಳು, ಫಿಸಿಯೋಥೆರಪಿ ಮೊದಲ ವರ್ಷ. ಅಪ್ಪ ಅಮ್ಮ ಪೆರುಂಗುಡಿಯ ಆಫೀಸುಗಳಿಗೆ ಹೋದರೆ ಇವಳು ಅಜ್ಜಿಯ ಅಡುಗೆಮನೆಯ ಟೇಬಲ್ಲಿನ ಮುಂದೆ ಕೂತು ಗಟ್ಟಿಯಾಗಿ ಓದುವಳು. ಅಜ್ಜಿ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಎಷ್ಟು ಗದರಿದರೂ ಅಷ್ಟೇ.

ಅಂದು ಅವಳು ಓದುತ್ತಿದ್ದದ್ದು ಕನೆಕ್ಟಿವ್ ಟಿಶ್ಯೂ ಎಂಬ ಪಾಠ. ನಮ್ಮ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಸಂಯೋಜಕ ಅಂಗಾಂಶ ಎಂದು ಹೆಸರು. ಹೆಸರಿಟ್ಟವರ ಮನೆಯಲ್ಲಿ ಯಾರೂ ಬಾಯಿಬಿಟ್ಟು ಮಾತಾಡುತ್ತಿರಲಿಲ್ಲವೋ ಏನೋ! ಶರಣ್ಯಾ ಕಣ್ಣು ಮುಚ್ಚಿ ಉರುಹೊಡೆಯುತ್ತಿದ್ದಳು: "ಲೂಸ್, ಡೆನ್ಸ್, ಫ್ಯಾಟ್, ಕಾರ್ಟಿಲೇಜ್, ಬೋನ್, ಬ್ಲಡ್..."

"ಎಲುಬು ಕಲ್ಲಿನಂಥಾದ್ದು, ರಕ್ತ ನೀರಿನಂಥಾದ್ದು. ಇವು ಎರಡೂ ಒಂದ ಮನಿತನ ಹ್ಯಾಂಗ ಆದ್ವು?" ಎಂದು ಜಗದೇವಿ ಒಲೆಯ ಕಡೆಯಿಂದಲೇ ಕೇಳಿದಳು. ಮಾತು ಆಡಿದರೆ ಭಯ ತುಸು ಹಿಂದೆ ಸರಿಯುತ್ತಿತ್ತು.

"ಎಲ್ಲಾಮೇ ಒರೇ ಫ್ಯಾಮಿಲಿ ಅಜ್ಜಿ. ಎಲ್ಲಾದಕ್ಕೂ ಒಂದೇ ಡ್ಯೂಟಿ. ಬಾಡಿಯ ಸೇರ್ತು ಹಿಡೀಬೇಕು." ಶರಣ್ಯಾ ಅವಳಿಗೆ ಬಂದಷ್ಟು ಕನ್ನಡ ಬೆರೆಸಿದಳು. ಎಲುಬು ಮೈಯನ್ನು ನಿಲ್ಲಿಸುತ್ತದೆ, ಕೊಬ್ಬು ಮೆತ್ತೆಯಾಗಿ ಕಾಯುತ್ತದೆ, ರಕ್ತ ಊರೆಲ್ಲ ಸುತ್ತಿ ಬುತ್ತಿ ಮುಟ್ಟಿಸುತ್ತದೆ, ನಾರಿನಂಥದು ಎಲುಬಿಗೆ ಎಲುಬನ್ನೂ ಮಾಂಸಕ್ಕೆ ಎಲುಬನ್ನೂ ಬಿಗಿದು ಕಟ್ಟುತ್ತದೆ ಎಂದಳು. ಇವೆಲ್ಲ ಇಲ್ಲದಿದ್ದರೆ ಮನುಷ್ಯ ಬರೀ ಬಿಡಿ ಸಾಮಾನಿನ ಗುಡ್ಡೆ.

"ಅಂಗೈಯಾಗೂ ಇರ್ತದೇನವ್ವ ಅದು?" ಕೇಳಿದ್ದೇ ತಪ್ಪಾಯಿತು.

ಶರಣ್ಯಾ ಎದ್ದುಬಂದಳು. "ಅಜ್ಜಿ, ಕೈಯ ನೀಟ್ಟು." ಜಗದೇವಿ ಬಲಗೈ ಚಾಚಿದಳು. "ಅದಿಲ್ಲ. ಇನ್ನೊಂದು." ಎಡಗೈ ಸೆರಗಿನೊಳಗೆ ಹೋಗಿತ್ತು. ಮೊಮ್ಮಗಳು ಅದನ್ನು ಹೊರಗೆಳೆದು, ಟೇಬಲ್ಲಿನ ಮೇಲೆ ಬೋರಲು ಇಟ್ಟು, ಮೇಲಿಂದ ಒತ್ತಿದಳು. ಕೈ ಟೇಬಲ್ಲಿಗೆ ಅಂಟಲಿಲ್ಲ. ನಡುವೆ ಕಮಾನಿನ ಹಾಗೆ ಎದ್ದೇ ಇತ್ತು. ಶರಣ್ಯಾ ತನ್ನ ಪೆನ್ನನ್ನು ಅದರಡಿ ಒಂದು ಕಡೆಯಿಂದ ತೂರಿಸಿದಳು. ಅದು ಸರಾಗವಾಗಿ ಇನ್ನೊಂದು ಕಡೆಗೆ ಬಂತು.

"ಇದು ಪೀಠಂ ಇಲ್ಲೆ ಅಜ್ಜಿ," ಎಂದಳು ಹುಡುಗಿ. ಅವಳ ಮುಖದಲ್ಲಿ ನಗು ಇರಲಿಲ್ಲ. "ಡಾಕ್ಟರ್ ಕಿಟ್ಟ ಪೋಣುಂ, ಹೋಗ್ಲೇಬೇಕು. ನಾಳೇಕೇ."

"ನಿಮ್ಮಜ್ಜಗ ಹೇಳಬ್ಯಾಡ. ನಿನ್ನ ಕಾಲಿಗಿ ಬೀಳ್ತೀನಿ, ಹೇಳಬ್ಯಾಡ."

"ಅಯ್ಯೋ ಅಜ್ಜಿ! ಎಷ್ಟು ದಿವಸದಿಂದ ಹೀಗೆ?" ಗಾಬರಿಗೆ ಅವಳ ಬಾಯಲ್ಲಿ ಅಚ್ಚ ಕನ್ನಡ ಬಂದಿತ್ತು.

ಕೈಯ ಡಾಕ್ಟರು ನೀರಜಾ ಎಂಬುವರು. ತಮಿಳಿನವರು, ಸಣ್ಣ ವಯಸ್ಸು, ಮೆಲುಮಾತು. ಹಗ್ಗದ ಮೇಲೆ ಹೆಬ್ಬೆರಳಾಡಿಸಿ, ಒಳಗೆ ಜವ್ವು ಬಿಗಿದುಕೊಂಡಿದೆ ಎಂದು ಏನೋ ಹೇಳಿದರು. ಸಂತೆಯ ತಮಿಳು, ಜಗಳದ ತಮಿಳು ಎಲ್ಲವೂ ಬರುವ ಜಗದೇವಿಗೆ ಜವ್ವು ಎಂಬ ಮಾತು ಮಾತ್ರ ತಿಳಿಯಲಿಲ್ಲ. ಅವಳಿಗೆ ಗೊತ್ತಿದ್ದದ್ದು ಜವ್ವರಿಸಿ. ಅದು ಅಂಗಡಿಯಲ್ಲಿ ಸಿಗುವ ಸಾಬೂದಾನಿ.

"ಅಂಗೈಯಾಗ ಸಾಬೂದಾನಿ ಹ್ಯಾಂಗ ಬಂತ?" ಎಂದು ಅವಳು ಮೊಮ್ಮಗಳ ಕಿವಿಯಲ್ಲಿ ಕೇಳಿದಳು. ಶರಣ್ಯಾ ತುಟಿ ಕಚ್ಚಿ ನಗು ತಡೆದು, ಜವ್ವು ಅಂದರೆ ತಾನು ಓದಿದ ಆ ನಾರಿನ ಪೈಕಿಯೇ ಒಂದು ಎಂದು ಬಿಡಿಸಿ ಹೇಳಿದಳು. ಅಂಗೈಯ ಚರ್ಮದಡಿಯಲ್ಲಿ ಒಂದು ಗಟ್ಟಿ ಪದರ ಇರುತ್ತದೆ. ಚರ್ಮ ಜಾರದಂತೆ ಅದು ಹಿಡಿದುಕೊಂಡಿರುತ್ತದೆ. ಅಜ್ಜಿಯ ಕೈಯಲ್ಲಿ ಆ ಪದರ ದಪ್ಪಗಾಗಿ, ಹಗ್ಗವಾಗಿ, ಬೆರಳುಗಳನ್ನು ಒಳಕ್ಕೆ ಎಳೆಯುತ್ತಿದೆ. ಕಟ್ಟಿ ಹಿಡಿಯುವುದು ಅದರ ಕೆಲಸ, ಅತಿಯಾಗಿ ಕಟ್ಟಿಬಿಟ್ಟಿದೆ.

"ದಿನಾ ಲಿಂಗ ಹಿಡದದ್ದಕ್ಕ ಹಿಂಗಾಗ್ಯದೇನು ಕೇಳು," ಎಂದಳು ಜಗದೇವಿ.  ಹೌದು ಅಂದರೂ ಕಷ್ಟ, ಅಲ್ಲ ಅಂದರೂ ಕಷ್ಟ.

ಡಾಕ್ಟರು ಅಲ್ಲವೆಂದು ತಲೆಯಾಡಿಸಿದರು. ನಿಮ್ಮ ಹಾಗೆ ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು, ಕೆಲವರಿಗೆ ಸುಮ್ಮನೆಯೂ ಬರುತ್ತದೆ, ದೇವರದೂ ತಪ್ಪಿಲ್ಲ ನಿಮ್ಮದೂ ತಪ್ಪಿಲ್ಲ ಎಂದರು. ಕೈ ಮತ್ತೆ ಬಿಚ್ಚಲು ದಾರಿಯಿದೆ, ಆದರೆ ಸಣ್ಣ ಆಪರೇಷನ್ ಬೇಕಾಗಬಹುದು, ಮೊದಲು ಶುಗರ್ ಹತೋಟಿಗೆ ಬರಲಿ. ಭಾನುವಾರದೊಳಗೆ ಆಗುವುದೇ ಎಂದು ಜಗದೇವಿ ಕೇಳಿದಾಗ ಡಾಕ್ಟರಿಗೆ ಆಶ್ಚರ್ಯವಾಯಿತು. ಭಾನುವಾರ ಏನಿದೆ ಎಂದು ಕೇಳಿದರು. ಜಗದೇವಿ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡು ಎದ್ದಳು.

ಮನೆಗೆ ಬರುವ ಆಟೋದಲ್ಲಿ ಅವಳು ಎಡಗೈಯನ್ನು ಬಲಗೈಯಲ್ಲಿ ಮುಚ್ಚಿಕೊಂಡು ಕೂತಿದ್ದಳು. ಇಷ್ಟು ದಿನ ಹೆಂಗಸರು ಕಣ್ಣಿಗೊತ್ತಿಕೊಂಡದ್ದು ಬೇನೆಯನ್ನು! ಗೊತ್ತಾದರೆ ಏನಂದಾರು? ನಮ್ಮನ್ನು ಮಂಗ ಮಾಡಿದಳು ಅನ್ನುವುದಿಲ್ಲವೇ? ತಾನಾಗಿ ಪೀಠ ಅಂದಿರಲಿಲ್ಲ, ನಿಜ. ಅಲ್ಲ ಅಂತಲೂ ಅಂದಿರಲಿಲ್ಲವಲ್ಲ.

ಆ ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಕೈ, ಡಾಕ್ಟರು, ನಿಂಬೆಹಣ್ಣು, ಕಡೆಗೆ ಲಿಂಗ ಬಿದ್ದದ್ದು. ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತಳು. ಮಹಾಲಿಂಗಪ್ಪನವರು ಚಹಾದ ಲೋಟ ಕೆಳಗಿಟ್ಟರು.

"ಬಿದ್ದಾಗ ಎತ್ಗೊಂಡಿಲ್ಲೋ?"

"ಎತ್ಗೊಂಡೆ."

"ಮತ್ತ? ನಮ್ಮ ರವಿ ಸಣ್ಣಾವಿದ್ದಾಗ ನಿನ್ನ ತೊಡಿಮ್ಯಾಲಿಂದ ಎಷ್ಟ ಸಲ ಉರುಳಿ ಬಿದ್ದಿಲ್ಲ? ಅವಾಗೇನ ನೀ ತಾಯಿ ಅಲ್ಲ ಅಂತ ಯಾರರ ಅಂದ್ರ?" ಆಮೇಲೆ ದನಿ ತಗ್ಗಿಸಿ, "ಭಾನುವಾರ ಜ್ವರ ಬಂದದ ಅಂತ ಫೋನ್ ಮಾಡಿಬಿಡು. ಮುಗೀತು," ಎಂದರು.

"ಲಿಂಗಪೂಜಿ ತಪ್ಪಸಲಿಕ್ಕೆ ಸುಳ್ಳ ಹೇಳ್ಲೇನ್ರಿ?"

"ಹಂಗಾದ್ರ ಖರೆ ಹೇಳು."

ಅದೂ ಆಗಲಿಲ್ಲ. ಕಲಾವತಿಯಮ್ಮನಿಗೆ ಫೋನು ಮಾಡುವಳು, ಅವರು ಹಲೋ ಅಂದೊಡನೆ ಪ್ರಸಾದಕ್ಕೆ ಏನು ಮಾಡಿಕೊಂಡು ಬರಲಿ ಎಂದು ಕೇಳಿ ಇಟ್ಟುಬಿಡುವಳು. ಹೀಗೆ ಕೇಳಿ ಕೇಳಿ ಕೊನೆಗೆ ಹೋಳಿಗೆಯನ್ನೂ ಕೋಸಂಬರಿಯನ್ನೂ ಒಪ್ಪಿಕೊಂಡಾಗಿತ್ತು.

ಭಾನುವಾರ ಬಂದೇ ಬಂತು. ಬೆಸೆಂಟ್ ನಗರದ ಆ ಮನೆಯ ಹಾಲಿನಲ್ಲಿ ಜಮಖಾನ ಹಾಸಿತ್ತು, ಕಿಟಕಿಯಿಂದ ಸಮುದ್ರದ ಗಾಳಿ ಬೀಸುತ್ತಿತ್ತು. ಮುಂದೆ ಮಕ್ಕಳು, ಹಿಂದೆ ಹೆಂಗಸರು. ಮಕ್ಕಳ ಎದುರಿಗೆ ಒಂದು ಮಣೆ. ಅದರ ಮೇಲೆ ಜಗದೇವಿ. "ನಾನ್ ಪಕ್ಕತ್ತಿಲೇ ಇರುಕ್ಕೇನ್," ಎಂದು ಶರಣ್ಯಾ ಕಾಲೇಜಿನ ಟೀಶರ್ಟಿನಲ್ಲೇ ಬಂದು ಅವಳಿಗೆ ಒತ್ತಿಕೊಂಡು ಕೂತಿದ್ದಳು. ಪೂಜೆ ಪುನಸ್ಕಾರ ಎಂದರೆ ಮಾರು ದೂರ ಓಡುವ ಹುಡುಗಿ ಬಂದದ್ದೇ ದೊಡ್ಡದು.

"ಎಲ್ಲಾರೂ ಅಜ್ಜಿ ಕೈ ನೋಡ್ರಿ," ಎಂದರು ಕಲಾವತಿಯಮ್ಮ. "ಅದು ಪೀಠದ ಕೈ. ಹಂಗೇ ಹಿಡೀಬೇಕು."

ಜಗದೇವಿ ಕರಡಿಗೆ ತೆರೆದು ಲಿಂಗವನ್ನು ಅಂಗೈಗೆ ತಂದುಕೊಂಡಳು. ವಿಭೂತಿ ಇಟ್ಟಳು, ಪತ್ರೆ ಏರಿಸಿದಳು. ಅಲ್ಲಿಯವರೆಗೆ ಕೈ ತೊಡೆಯ ಮೇಲಿತ್ತು. ಇನ್ನು ಎತ್ತಬೇಕು. ಎತ್ತಿದಳು. ಎದೆಯ ಮಟ್ಟಕ್ಕೆ ಬಂತು, ಗದ್ದದ ಮಟ್ಟಕ್ಕೆ ಬಂತು. ಹಣೆಯಲ್ಲಿ ಬೆವರೊಡೆಯಿತು. ಕಣ್ಣಿನ ಮಟ್ಟಕ್ಕೆ ಬರುವಷ್ಟರಲ್ಲಿ ಲಿಂಗ ಹಗ್ಗದ ಮೇಲೆ ಮೆಲ್ಲಗೆ ವಾಲಿತು. ಪತ್ರೆ ಜಾರಿ ಬಿತ್ತು. ಅಪ್ಪಾ, ಬೀಳಬ್ಯಾಡೋ, ಎಂದು ಅವಳ ಮನಸ್ಸು ಚೀರಿತು.

ಅಷ್ಟರಲ್ಲಿ ಅವಳ ಕೈಯಡಿ ಇನ್ನೊಂದು ಕೈ ಬಂತು. ಶರಣ್ಯಾ ತನ್ನ ಅಂಗೈಯನ್ನು ಅಜ್ಜಿಯ ಮುಂಗೈಗೆ ಕೆಳಗಿನಿಂದ ಆನಿಸಿ, ಬಾಗಿದ ಬೆರಳೆರಡಕ್ಕೂ ತನ್ನ ಬೆರಳುಗಳ ಆಸರೆ ಕೊಟ್ಟು, ಲಿಂಗ ವಾಲಿದ್ದ ಬದಿಯನ್ನು ಮೆಲ್ಲಗೆ ಮೇಲಕ್ಕೆತ್ತಿ ಹಿಡಿದಳು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು ಎಂದು ಜಗದೇವಿಗೆ ಗಕ್ಕನೆ ನೆನಪಾಯಿತು. ಆದರೆ ಹುಡುಗಿ ಮುಟ್ಟಿದ್ದು ಲಿಂಗವನ್ನಲ್ಲ, ಅಜ್ಜಿಯನ್ನು. ಲಿಂಗ ನೆಟ್ಟಗೆ ಕೂತಿತು. ಪೂಜೆ ಮುಗಿಯುವವರೆಗೂ ಆ ಕೈ ಕದಲಲಿಲ್ಲ.

ಲಿಂಗ ಕರಡಿಗೆಗೆ ಸೇರಿದ ಮೇಲೆ ಜಗದೇವಿ ಉಸಿರು ಬಿಟ್ಟಳು. ಗೆದ್ದೆ ಅಂದುಕೊಂಡಳು. ಆಗ ಕಂಡಿತು, ಮುಂದಿನ ಸಾಲಿನ ದೀಕ್ಷಿತಾ. ಎರಡನೆಯ ಕ್ಲಾಸಿನ ಮಗು, ತನ್ನ ಎಡಗೈಯ ಕಿರುಬೆರಳು ಉಂಗುರದ ಬೆರಳುಗಳನ್ನು ಬಲಗೈಯಿಂದ ಹಿಡಿದು ಒಳಕ್ಕೆ ಮಡಿಸಿ ಮಡಿಸಿ ಒತ್ತುತ್ತಿತ್ತು.

"ಏನ ಮಾಡ್ಲಿಕ್ಕತ್ತೀಯವ್ವ?"

"ಪೀಠ ಮಾಡ್ತಿದೀನಿ ಅಜ್ಜಿ. ನಂದು ನಿಲ್ಲವೇ ಮಾಟ್ಟೇಂಗುದು," ಎಂದಿತು ಮಗು. ಬೆರಳು ಬಾಗಿ ನಿಲ್ಲುವುದೇ ಇಲ್ಲವೆಂದು ಅದಕ್ಕೆ ಬೇಸರ.

ಹೆಂಗಸರು ನಕ್ಕರು.  ಜಗದೇವಿ ಮಣೆಯಿಂದ ಇಳಿದು ಬಂದು, ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೇರ ಮಾಡಿದಳು. "ಬ್ಯಾಡವ್ವ, ಹಂಗ ಮಾಡಬ್ಯಾಡ. ಇದು ಪೀಠ ಅಲ್ಲ. ನನಗ ಬ್ಯಾನಿ ಆಗ್ಯದ, ಕೈ ಬಿಚ್ಚಲಿಕ್ಕೆ ಬರೂದಿಲ್ಲ. ಡಾಕ್ಟರ್ ಆಪರೇಶನ್ ಮಾಡ್ಬೇಕು ಅಂದಾರ. ನಿನ್ನ ಕೈ ಎಷ್ಟ ಚಂದ ಬಿಚ್ಚತದ ನೋಡು, ಹಿಂಗ ಹಿಡಿ."

ನಗು ನಿಂತಿತು. ಹೆಂಗಸರು ಮುಖ ಮುಖ ನೋಡಿಕೊಂಡರು. ಕಲಾವತಿಯಮ್ಮನ ಮುಖ ಬಿಳಿಚಿಕೊಂಡಿತು. ಅವರು ಎದ್ದು ಅಡುಗೆಮನೆಗೆ ಹೋದರು.

ಆಯಿತು, ಮುಗಿಯಿತು. ಇಷ್ಟು ಜನರ ಮುಂದೆ ಅವರ ಮಾತು ಸುಳ್ಳು ಮಾಡಿ ಮರ್ಯಾದೆ ತೆಗೆದೆ ಎಂದುಕೊಂಡಳು ಜಗದೇವಿ. ಕಾಲು ಹಿಡಿದಾದರೂ ಕ್ಷಮೆ ಕೇಳಬೇಕೆಂದು ಹಿಂದೆಯೇ ಹೋದಳು. ಕಲಾವತಿಯಮ್ಮ ಗ್ಯಾಸ್ ಕಟ್ಟೆಗೆ ಮುಖ ಮಾಡಿ ಬೆನ್ನು ತಿರುಗಿಸಿ ನಿಂತಿದ್ದರು. ಒಲೆಯ ಮೇಲೆ ಚಹಾ ಕುದಿದು ಉಕ್ಕುವುದರಲ್ಲಿತ್ತು. ಜಗದೇವಿ ಕೈ ಚಾಚಿ ಒಲೆ ಆರಿಸಿದಳು.

"ಅಮ್ಮಾರ, ಸಿಟ್ಟಾದ್ರೇನ್ರಿ? ನಾ ಬೇಕಂತ ಅಂದದ್ದಲ್ರಿ."

"ಆ ಡಾಕ್ಟರು... ನೋವಾಗ್ತದೆ ಅಂದ್ರಾ ಜಗದೇವಕ್ಕ?"

ಕಲಾವತಿಯಮ್ಮ ಇತ್ತ ತಿರುಗಿದರು. ಸೆರಗಿನೊಳಗಿಂದ ಎಡಗೈ ಹೊರಗೆ ತೆಗೆದು ಗ್ಯಾಸ್ ಕಟ್ಟೆಯ ಕಲ್ಲಿನ ಮೇಲೆ ಬೋರಲು ಇಟ್ಟು, ಬಲಗೈಯಿಂದ ಜೋರಾಗಿ ಒತ್ತಿದರು. ಕೈ ಕಲ್ಲಿಗೆ ಅಂಟಲಿಲ್ಲ. ಅದರಡಿ ಒಂದು ಚಮಚ ಸಲೀಸಾಗಿ ತೂರುವಷ್ಟು ಸಂದಿ ಇತ್ತು.

"ನಿಮ್ಮ ಕೈ ನೋಡೋಕೆ ಮುಂಚೆನೇ ನಂಗೆ ಶುರುವಾಗಿತ್ತು ಕಣಕ್ಕ. ರಾತ್ರಿಯೆಲ್ಲ ನಿದ್ದೆ ಇಲ್ಲ, ಏನೋ ಕೆಟ್ಟದ್ದು ಆಗೈತೆ ಅಂತ. ಅವತ್ತು ನಿಮ್ಮ ಕೈನೂ ಹಂಗೇ ಇದ್ದದ್ದು ಕಂಡು ಹೋದ ಜೀವ ಬಂತು. ಅದುಕ್ಕೇ ಪೀಠ ಅಂದೆ. ನಿಮಗಂದಿದ್ದಲ್ಲ, ನನಗೇ ಅಂದ್ಕೊಂಡಿದ್ದು." ಅವರ ಕಣ್ಣಿನಲ್ಲಿ ನೀರು ತುಂಬಿತ್ತು. "ಮನೇಲಿ ಯಾರಿಗೂ ಹೇಳಿಲ್ಲ. ಹೋದ ತಿಂಗಳು ನನ್ನ ಲಿಂಗ ಬಿತ್ತು ಜಗದೇವಕ್ಕ."

ಜಗದೇವಿ ತನ್ನ ಬಾಗಿದ ಕೈಯಿಂದಲೇ ಅವರ ಬಾಗಿದ ಕೈಯನ್ನು ಕಲ್ಲಿನ ಮೇಲಿಂದ ಎತ್ತಿಕೊಂಡಳು. ಬೆರಳಿಗೆ ಬೆರಳು ಕೊಂಡಿಯ ಹಾಗೆ ಸಿಕ್ಕಿಕೊಂಡವು. ಹೊರಗೆ ಹಾಲಿನಲ್ಲಿ ಶರಣ್ಯಾ ಮಕ್ಕಳಿಗೆ ಏನೋ ಹೇಳಿ ನಗಿಸುತ್ತಿದ್ದಳು.

"ಎತ್ಗೊಂಡ್ರಿಲ್ಲೋ?" ಎಂದು ಕೇಳಿದಳು ಜಗದೇವಿ.

"ಎತ್ಕೊಂಡೆ."

"ಮತ್ತ?" ಎಂದು, ಸಕ್ಕರೆ ಹಾಕದ ಚಹಾವನ್ನು ಜಗದೇವಿ ಬಲಗೈಯಿಂದ ಎರಡು ಲೋಟಕ್ಕೆ ಸೋಸಿದಳು. "ಬುಧವಾರ ನಾ ಮತ್ತ ಆ ಡಾಕ್ಟರ ಕಡೆ ಹೊಂಟೀನ್ರಿ. ನೀವೂ ಬರ್ರಿ, ಕೂಡೇ ಹೋಗೂಣು."